ದಿಂಬುವಿನ ಹಾಜರಿ ಪುಸ್ತಕ

೨ ಜೂನ್

ಅಮ್ಮನಿಗೆ ನಮಸ್ಕಾರ.

ಈ ಕಾಗದ ಕೊಟ್ಟ ವ್ಯಾನಿನ ಚಾಲಕನ ಕೈಯಲ್ಲಿ ಒಂದು ದೊಡ್ಡ ಬುಟ್ಟಿಯೂ ಇದೆ. ಮೊದಲು ಅದನ್ನು ನೆರಳಿನಲ್ಲಿ ಇಡಿಸು, ಆಮೇಲೆ ಓದು. ಒಳಗಿರುವುದು ನಾಯಿಯಲ್ಲ, ಮೊಲ. ಏಳು ಕಿಲೋ ತೂಕದ ಮೊಲ ಉಂಟೇ ಎಂದು ಎಲ್ಲರೂ ಕೇಳುತ್ತಾರೆ. ಉಂಟು, ಈ ತಳಿಯೇ ಹಾಗೆ. ಹೆಸರು ದಿಂಬು. ಮೂರು ವರ್ಷದಿಂದ ನನ್ನ ಮನೆಯೊಳಗೆ ನನ್ನ ಜೊತೆ ಇದ್ದಾನೆ. ತಿಂಗಳ ಮೊದಲ ಭಾನುವಾರ ನಾವು ಫೋನಿನಲ್ಲಿ ಮಾತನಾಡುವ ಹತ್ತು ನಿಮಿಷದಲ್ಲಿ ಹಿಂದಿನಿಂದ ಧಡ್ ಧಡ್ ಎಂದು ಕೇಳುತ್ತಿತ್ತಲ್ಲ, ಪಕ್ಕದ ಮನೆಯವರು ಎಂದಿದ್ದೆನಲ್ಲ, ಅದು ಇವನೇ. ಹೇಳಿದರೆ ನೀನು ಏನನ್ನುತ್ತೀಯ ಎಂದು ಗೊತ್ತಿದ್ದರಿಂದ ಹೇಳಿರಲಿಲ್ಲ.

ನನಗೆ ಆರು ತಿಂಗಳ ಕೆಲಸ ಸಿಕ್ಕಿದೆ. ನದಿ ಸಮುದ್ರಕ್ಕೆ ಸೇರುವಲ್ಲಿ ಉಕ್ಕಿನ ಸೇತುವೆ ಕಟ್ಟುತ್ತಿದ್ದಾರೆ. ಅದರ ಬೆಸುಗೆಗಳನ್ನು ನಾನು ಪರೀಕ್ಷಿಸಬೇಕು. ಕೆಲಸದ ಜಾಗದ ಕೋಣೆಗಳಲ್ಲಿ ಪ್ರಾಣಿ ಸಾಕುವಂತಿಲ್ಲ. ಹೊರಗೆ ಮನೆ ಹಿಡಿದರೂ ದಿನಕ್ಕೆ ಹದಿನಾಲ್ಕು ಗಂಟೆ ಒಬ್ಬನೇ ಇರಬೇಕಾಗುತ್ತದೆ, ಅವನು ಕೊರಗಿಬಿಡುತ್ತಾನೆ. ಇಷ್ಟು ದೊಡ್ಡವನನ್ನು ನೋಡಿಕೊಳ್ಳುತ್ತೇವೆ ಎನ್ನುವವರು ಯಾರೂ ಸಿಗಲಿಲ್ಲ. ಕೊನೆಗೆ ಉಳಿದವಳು ನೀನು.

ಪಂಜರ ಬೇಡ, ಮನೆಯೊಳಗೆ ಓಡಾಡಿಕೊಂಡಿರುತ್ತಾನೆ. ಒಣಹುಲ್ಲು ಯಾವಾಗಲೂ ಮುಂದಿರಬೇಕು, ಬೆಳಗ್ಗೆ ಸಂಜೆ ಸೊಪ್ಪು. ಸಿಹಿ ಕೊಡಬೇಡ. ನುಣುಪಾದ ನೆಲದಲ್ಲಿ ಕಾಲು ಜಾರುತ್ತದೆ, ಏನಾದರೂ ಹಾಸು. ಕಿವಿ ಹಿಡಿದು ಎತ್ತಕೂಡದು. ಎದೆಗೊಂದು, ಹಿಂಬದಿಗೊಂದು ಕೈ ಕೊಡಬೇಕು. ಮಲಮೂತ್ರಕ್ಕೆ ತಟ್ಟೆ ಇದೆ, ಅವನಿಗೆ ಗೊತ್ತು. ಎಲ್ಲಕ್ಕಿಂತ ಮುಖ್ಯವಾಗಿ, ವೈರುಗಳನ್ನು ಮೇಲೆ ಎತ್ತಿ ಕಟ್ಟು.

ಹತ್ತೊಂಬತ್ತು ವರ್ಷದ ಮೇಲೆ ನಿನಗೆ ಕಾಗದ ಬರೆಯುತ್ತಿದ್ದೇನೆ. ಒಂದೇ ಷರತ್ತು. ಹಾಸ್ಟೆಲಿನ ಕಾಗದಗಳಿಗೆ ಮಾಡುತ್ತಿದ್ದಂತೆ ಕೆಂಪು ಶಾಯಿಯಲ್ಲಿ ತಿದ್ದಿ, ಹತ್ತಕ್ಕೆ ಆರೂವರೆ ಅಂಕ ಹಾಕಿ ಇದನ್ನು ವಾಪಸು ಕಳಿಸಬೇಡ.

ಇಂತಿ,
ನಿನ್ನ ಮಗಳು


೫ ಜೂನ್

ಚಿರಂಜೀವಿ ಮಗಳಿಗೆ ಆಶೀರ್ವಾದಗಳು.

ಕಾಗದವೂ ಬುಟ್ಟಿಯೂ ಕ್ಷೇಮವಾಗಿ ತಲುಪಿದವು. ಕಾಗದದಲ್ಲಿ ಎರಡು ತಪ್ಪುಗಳಿವೆ. ಷರತ್ತಿನ ಪ್ರಕಾರ ಯಾವುವೆಂದು ಹೇಳುವುದಿಲ್ಲ. ಬುಟ್ಟಿಯ ವಿಷಯದಲ್ಲಿ ಮಾತ್ರ ನಾನು ಮೌನ ವಹಿಸಲಾರೆ.

ಮುಚ್ಚಳ ತೆಗೆದ ಕೂಡಲೇ ಮೊದಲು ಎರಡು ಕಿವಿಗಳು ಬಂದವು. ಅವು ಬಂದು ಮುಗಿದ ಬಹಳ ಹೊತ್ತಿನ ಮೇಲೆ ಉಳಿದ ಪ್ರಾಣಿ ಬಂದಿತು. ಪಕ್ಕದ ಮನೆಯ ದರ್ಜಿ ತಮ್ಮ ಅಳತೆಪಟ್ಟಿಯನ್ನೇ ತಂದು ಮೂಗಿನಿಂದ ಬಾಲದವರೆಗೆ ಅಳೆದು, "ಟೀಚರಮ್ಮ, ಇದಕ್ಕೆ ಕೋಟು ಹೊಲಿಯಬೇಕಾದ್ರೆ ನನ್ನ ಅಳತೆಯ ಬಟ್ಟೆ ಬೇಕು" ಎಂದರು. ಅವರು ಕುಳ್ಳಗಿರುವುದು ನಿಜವೇ ಆದರೂ ಮಾತು ಉತ್ಪ್ರೇಕ್ಷೆ.

ನೀನು ಅದನ್ನು 'ಅವನು' ಎಂದು ಬರೆಯುತ್ತೀಯೆ. ಪ್ರಾಣಿಗೆ 'ಅದು' ಎಂದೇ ಬರೆಯತಕ್ಕದ್ದು. ದಿಂಬು ಎಂಬ ಹೆಸರೂ ಅಸಮರ್ಪಕ. ಈ ಗಾತ್ರಕ್ಕೆ ಹಾಸಿಗೆ ಎಂದರೆ ಸರಿಹೋದೀತು.

ಅದು ಬಂದ ಎರಡು ಗಂಟೆಯೊಳಗೆ ನಡುಮನೆಯನ್ನು ಸಂಪೂರ್ಣವಾಗಿ ತನಿಖೆ ಮಾಡಿತು. ಪ್ರತಿಯೊಂದು ಕುರ್ಚಿಯ ಕಾಲಿಗೂ ಗದ್ದ ಉಜ್ಜಿ ಬಂದಿತು. ಇಲ್ಲಿನ ಪಶುವೈದ್ಯರನ್ನು ವಿಚಾರಿಸಿದೆ, ಅದರ ಅರ್ಥ, ಇದು ನನ್ನದು ಎಂದು. ನನ್ನ ಕನ್ನಡ ನಿಘಂಟಿನ ಮೊದಲ ಸಂಪುಟಕ್ಕೂ ಉಜ್ಜಿತು. ಆ ನಂತರ ಅದರ ಮೂಲೆಯನ್ನು ತಿಂದಿತು. ಗದರಿದೆ. ಅದು ನನ್ನ ಕಡೆ ಬೆನ್ನು ತಿರುಗಿಸಿ ಕುಳಿತು ಹಿಂಗಾಲಿನಿಂದ ನೆಲವನ್ನು ಗುದ್ದಿತು. ಮೂವತ್ತನಾಲ್ಕು ವರ್ಷಗಳ ಸೇವೆಯಲ್ಲಿ ಯಾವ ವಿದ್ಯಾರ್ಥಿಯೂ ನನಗೆ ಹಾಗೆ ಮಾಡಿರಲಿಲ್ಲ.

ಇನ್ನೊಂದು ವಿಷಯ. ವೈರುಗಳನ್ನು ಮೇಲೆ ಕಟ್ಟಿದೆ. ಟೆಲಿಫೋನಿನ ತಂತಿಯನ್ನು ವೈರೆಂದು ನಾನು ಎಣಿಸಿರಲಿಲ್ಲ. ಅದೀಗ ಎರಡು ತುಂಡು. ದುರಸ್ತಿಯವರು ಬರಲು ತಿಂಗಳುಗಳಾಗಬಹುದಂತೆ. ಸೇತುವೆಯ ಬಳಿ ನಿನಗೆ ಫೋನು ಸಿಗದೆಂದು ಚಾಲಕ ಹೇಳಿದ. ಆದ್ದರಿಂದ ಕಾಗದವೇ ಗತಿ.

ನೀನು ನನ್ನಲ್ಲಿ ಏನನ್ನಾದರೂ ಕೇಳಿ ಎಷ್ಟು ಕಾಲವಾಯಿತೆಂದು ಲೆಕ್ಕ ಹಾಕಲು ಹೋಗಿ ಬಿಟ್ಟುಬಿಟ್ಟೆ.

ಇಂತು ಶುಭ ಕೋರುವ,
ಅಮ್ಮ


೧೪ ಜೂನ್

ಅಮ್ಮಾ,

ನಿನ್ನ ಕಾಗದವನ್ನು ಊಟದ ಕೋಣೆಯಲ್ಲಿ ಓದಿ ಎಷ್ಟು ನಕ್ಕೆನೆಂದರೆ, ಎದುರು ಕುಳಿತ ಕ್ರೇನ್ ನಡೆಸುವವನು ತಟ್ಟೆ ಎತ್ತಿಕೊಂಡು ಬೇರೆ ಮೇಜಿಗೆ ಹೋದ. ನಿಘಂಟು ತಿಂದನಾ? ಯಾವ ಅಕ್ಷರದವರೆಗೆ?

ನನ್ನ ಕೆಲಸ ಏನೆಂದು ನೀನು ಎಂದೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಈಗ ಹೇಳುತ್ತೇನೆ. ಎರಡು ಉಕ್ಕಿನ ಹಾಳೆಗಳನ್ನು ಬೆಸೆದ ಜಾಗಕ್ಕೆ ಒಂದು ಸಣ್ಣ ಉಪಕರಣ ಒತ್ತಿ ಹಿಡಿದು ಒಳಗೆ ಸದ್ದು ಕಳಿಸುತ್ತೇನೆ. ಕಿವಿಗೆ ಕೇಳದ ಸದ್ದು. ಒಳಗೆ ಬಿರುಕಿದ್ದರೆ ಅದು ತಟ್ಟಿ ವಾಪಸು ಬಂದು ಪರದೆಯ ಮೇಲೆ ಗೆರೆಯಾಗಿ ಏಳುತ್ತದೆ. ಒರಟಾದ ಬೆಸುಗೆಯನ್ನು ಎಲ್ಲರೂ ಅನುಮಾನಿಸುತ್ತಾರೆ. ನಾನು ತುಂಬ ನಯವಾಗಿರುವುದನ್ನು ಎರಡು ಸಲ ನೋಡುತ್ತೇನೆ. ನಿನ್ನೆ ಅಂಥದ್ದೊಂದರಲ್ಲಿ ಬೆರಳುದ್ದದ ಬಿರುಕು ಸಿಕ್ಕಿತು. ಮೇಸ್ತ್ರಿ ನನ್ನನ್ನು ಹೊಗಳಲೂ ಇಲ್ಲ, ಬೈಯಲೂ ಇಲ್ಲ, ಸುಮ್ಮನೆ ಒಂದು ಟೀ ಕೊಡಿಸಿದರು.

ಇಲ್ಲಿಂದ ಎಂಟು ಕಿಲೋಮೀಟರಿನಲ್ಲಿ ನದಿಯ ದಂಡೆಗೆ ಒಂದು ಊರಿದೆ. ಸೇತುವೆಯ ಲಾರಿ ದಿನವೂ ಅಲ್ಲಿಗೆ ಹೋಗಿ ಬರುತ್ತದೆ. ಬಾಡಿಗೆ ಮನೆಗಳು ಎಷ್ಟೋ ಖಾಲಿ ಇವೆ, ದೊಡ್ಡ ಹಜಾರ, ಮರದ ನೆಲ. ಒಬ್ಬಳಿಗೆ ಅಷ್ಟು ದೊಡ್ಡ ಮನೆ ಯಾಕೆಂದು ಸುಮ್ಮನಾದೆ.

ದಿಂಬು ಇನ್ನೂ ನೆಗೆದಿಲ್ಲವೇ? ಖುಷಿಯಾದರೆ ಅವನು ನಿಂತಲ್ಲಿಂದಲೇ ಮೇಲಕ್ಕೆ ಹಾರಿ, ಗಾಳಿಯಲ್ಲಿ ತಲೆ ಒಂದು ಕಡೆ ಸೊಂಟ ಇನ್ನೊಂದು ಕಡೆ ತಿರುಚಿ, ದೊಪ್ಪೆಂದು ಬೀಳುತ್ತಾನೆ. ಅದನ್ನು ನೋಡಿದ ಮೇಲೆ ನೀನು ಅವನನ್ನು 'ಅದು' ಅನ್ನುವುದಿಲ್ಲ.

ಪ್ರೀತಿಯಿಂದ,
ಮಗಳು


೨ ಜುಲೈ

ಚಿರಂಜೀವಿ ಮಗಳಿಗೆ,

ನೆಗೆಯಿತು.

ನಿನ್ನೆ ಸಂಜೆ ಐದೂ ಹತ್ತಕ್ಕೆ. ನಾನು ಹಳೆಯ ಜಮಖಾನವನ್ನು ಬಿಡಿಸಿ ನಡುಮನೆಯ ಉದ್ದಕ್ಕೂ ಹಾಸುತ್ತಿದ್ದೆ. ಅದು ಬಾಗಿಲ ಬಳಿ ಕುಳಿತು ನೋಡುತ್ತಿತ್ತು. ಇದ್ದಕ್ಕಿದ್ದಂತೆ ಓಡಿ ಬಂದು, ಜಮಖಾನದ ನಡುವೆ, ಏಳು ಕಿಲೋವೂ ಒಟ್ಟಿಗೆ ನೆಲ ಬಿಟ್ಟಿತು. ನೀನು ವರ್ಣಿಸಿದಂತೆಯೇ ತಲೆ ಪೂರ್ವಕ್ಕೆ, ಸೊಂಟ ಪಶ್ಚಿಮಕ್ಕೆ. ಬಿದ್ದ ಸದ್ದಿಗೆ ಗಾಜಿನ ಕಪಾಟಿನಲ್ಲಿದ್ದ ನನ್ನ ಉತ್ತಮ ಶಿಕ್ಷಕಿ ಫಲಕ ಮಗುಚಿತು. ನಾನು ಅದನ್ನು ಎತ್ತಿ ನಿಲ್ಲಿಸಲಿಲ್ಲ. ಇನ್ನೊಮ್ಮೆ ನೆಗೆಯಬಹುದೇನೋ ಎಂದು ಉಸಿರು ಬಿಗಿಹಿಡಿದು ನಿಂತಿದ್ದೆ. ನೆಗೆಯಿತು. ಮೂರು ಸಲ. ಅರುವತ್ತಾರು ವರ್ಷದ ನಾನು ಕೈತಟ್ಟಿದೆನೆಂದು ಬರೆಯಲು ಸಂಕೋಚವಾಗುತ್ತದೆ, ಆದರೆ ನಡೆದದ್ದನ್ನು ಬರೆಯಬೇಕು.

ನಿಘಂಟಿನಲ್ಲಿ 'ಅ'ಕಾರ ಪೂರ್ತಿ ಹೋಗಿದೆ. 'ಆ'ಕಾರಕ್ಕೆ ಅಂಚು ಮಾತ್ರ.

ಎಲ್ಲದಕ್ಕೂ ಒಂದು ಕ್ರಮವಿರಬೇಕೆಂದು ಹಾಜರಿ ಪುಸ್ತಕವನ್ನು ಆರಂಭಿಸಿದ್ದೇನೆ. ನಿವೃತ್ತಿಯ ದಿನ ಶಾಲೆಯಿಂದ ತಂದ ಖಾಲಿ ಪುಸ್ತಕ ಹತ್ತು ವರ್ಷದಿಂದ ಪೆಟ್ಟಿಗೆಯಲ್ಲಿತ್ತು. ಹುಲ್ಲು, ನೀರು, ಸೊಪ್ಪು, ಹಿಕ್ಕೆ ಎಂದು ಗೆರೆ ಎಳೆದ ನಾಲ್ಕು ಮನೆಗಳು. ದಿನವೂ ಹನ್ನೊಂದು ಗಂಟೆಗೆ ತುಂಬುತ್ತೇನೆ. ಕಡ್ಡಿಯಿಂದ ಹಿಕ್ಕೆಗಳನ್ನು ಎಣಿಸುವಾಗ ದರ್ಜಿ ಕಿಟಕಿಯಿಂದ ಇಣುಕಿ, "ಏನ್ ಟೀಚರಮ್ಮ, ಪಾಸಾದವರೆಷ್ಟು?" ಎಂದರು. ಇನ್ನೂರ ಹನ್ನೆರಡು ಎಂದೆ.

ಇನ್ನು ಶಿಸ್ತಿನ ಪಾಠ ಆರಂಭಿಸಬೇಕು. ಗುದ್ದುವುದು, ಪುಸ್ತಕ ತಿನ್ನುವುದು, ಸೆರಗು ಎಳೆಯುವುದು ನಿಲ್ಲಬೇಕು. ನನ್ನ ಪದ್ಧತಿ ನಿನಗೆ ಗೊತ್ತೇ ಇದೆ. ನಾನು ಯಾರನ್ನೂ ಹೊಡೆದವಳಲ್ಲ. ಸುಮ್ಮನಿದ್ದವರಿಗೆ ಬಹುಮಾನ ಕೊಟ್ಟವಳು.

ಇಂತು,
ಅಮ್ಮ


೨೦ ಜುಲೈ, ಬೆಳಗ್ಗೆ

ಚಿರಂಜೀವಿ ಮಗಳಿಗೆ,

ಈ ತಿಂಗಳು ನಿನ್ನ ಕಾಗದ ಬಂದಿಲ್ಲ. ಕೆಲಸದ ಒತ್ತಡವಿದ್ದೀತು. ನಾನೇ ಶುಭ ಸಮಾಚಾರ ತಿಳಿಸುತ್ತೇನೆ. ಪಾಠ ಫಲಿಸಿತು.

ಎರಡೂವರೆ ವಾರಗಳಿಂದ, ಅದು ಕಾಲು ಗಂಟೆ ಗಲಾಟೆಯಿಲ್ಲದೆ ಕುಳಿತರೆ ಒಂದು ಬಿಸ್ಕತ್ತು ಕೊಡುತ್ತಾ ಬಂದೆ. ನೀನು ಸಿಹಿ ಬೇಡವೆಂದಿದ್ದೆ, ಆದ್ದರಿಂದ ಉಪ್ಪು ಬಿಸ್ಕತ್ತು. ಮೊದಲ ವಾರ ಎರಡು ಗಳಿಸಿತು. ಎರಡನೆಯ ವಾರ ದಿನಕ್ಕೆ ಎರಡು. ಮೂರನೆಯ ವಾರದಲ್ಲಿ ನಾನು ಡಬ್ಬಿಯನ್ನು ಪಕ್ಕದಲ್ಲೇ ಇಟ್ಟುಕೊಂಡು ಕೂರಬೇಕಾಯಿತು.

ನಿನ್ನೆ ಮಧ್ಯಾಹ್ನದಿಂದಂತೂ ಆದರ್ಶ ವಿದ್ಯಾರ್ಥಿ. ಮೂಲೆಯಲ್ಲಿ ಬೆನ್ನು ದುಂಡಗೆ ಮಾಡಿ, ಕಣ್ಣು ಅರೆಮುಚ್ಚಿ, ಅಲುಗದೆ ಕುಳಿತಿದೆ. ಗುದ್ದಿಲ್ಲ, ಓಡಿಲ್ಲ, 'ಆ'ಕಾರ ಸುರಕ್ಷಿತವಾಗಿದೆ. ಬಹುಮಾನದ ಬಿಸ್ಕತ್ತನ್ನು ಮುಂದಿಟ್ಟರೂ ಆಸೆಪಡದೆ ಸಂಯಮದಿಂದ ಹಾಗೆಯೇ ಬಿಟ್ಟಿದೆ. ದರ್ಜಿ ನೋಡಿ, "ಮಂಕಾಗಿದೆಯಲ್ಲ ಟೀಚರಮ್ಮ" ಎಂದರು. ಶಿಸ್ತು ಕಂಡು ಅಭ್ಯಾಸವಿಲ್ಲದವರಿಗೆ ಹಾಗೆನ್ನಿಸುತ್ತದೆ.

ಈಗಲೇ ಅಂಚೆಗೆ ಹಾಕಿ ಬರುತ್ತೇನೆ. ನೀನು ಸಂತೋಷಪಡುತ್ತೀಯೆಂದು ನಂಬಿದ್ದೇನೆ.

ಇಂತು,
ಅಮ್ಮ


೨೨ ಜುಲೈ

ಮಗಳೇ,

ಮೊದಲು ಇದನ್ನು ಓದು: ದಿಂಬು ಬದುಕಿದ್ದಾನೆ. ಈಗ ಮುಂದಕ್ಕೆ ಓದು.

ಮೊನ್ನೆ ನಿನಗೆ ಕಾಗದ ಹಾಕಿ ಮನೆಗೆ ಬಂದು, ಹನ್ನೊಂದು ಗಂಟೆಗೆ ಹಾಜರಿ ಪುಸ್ತಕ ತೆರೆದೆ. ಹುಲ್ಲು: ಹಾಗೆಯೇ ಇದೆ. ನೀರು: ಹಾಗೆಯೇ ಇದೆ. ಸೊಪ್ಪು ಬಾಡಿದೆ. ತಟ್ಟೆಯನ್ನು ಕೆದಕಿದೆ, ಕುರ್ಚಿಗಳ ಕೆಳಗೆ ಹುಡುಕಿದೆ. ಒಂದು ಹಿಕ್ಕೆಯೂ ಇಲ್ಲ. ನಾಲ್ಕನೆಯ ಮನೆ ಖಾಲಿ.

ಶಾಲೆಯಲ್ಲಿ ಯಾವ ಮಗುವಿನ ಹೆಸರಿನ ಮುಂದೆ ಎರಡು ದಿನ ಮನೆ ಖಾಲಿಯಾದರೂ ಮೂರನೆಯ ದಿನ ಹೋಗಿ ಅವರ ಬಾಗಿಲು ತಟ್ಟುತ್ತಿದ್ದವಳು ನಾನು. ನಿನಗೆ ನೆನಪಿದೆ, ನಿನ್ನನ್ನೂ ಎಳೆದುಕೊಂಡು ಹೋಗುತ್ತಿದ್ದೆ. ಪೆನ್ನು ಹಿಡಿದುಕೊಂಡೇ ಮೂಲೆಯಲ್ಲಿದ್ದ ಪ್ರಾಣಿಯನ್ನು ನೋಡಿದೆ. ಅದು ಶಿಸ್ತಾಗಿ ಕುಳಿತಿರಲಿಲ್ಲ. ಕುಳಿತಲ್ಲೇ ಇಲ್ಲವಾಗುತ್ತಿತ್ತು.

ಬಟ್ಟೆಯ ಬುಟ್ಟಿಯಲ್ಲಿ ಅವನನ್ನು ಮಲಗಿಸಿಕೊಂಡು ದರ್ಜಿಯ ಸ್ಕೂಟರಿನ ಹಿಂದೆ ಕುಳಿತೆ. ಮೂವತ್ತು ವರ್ಷಗಳಿಂದ ನಾನು ಸ್ಕೂಟರು ಹತ್ತಿರಲಿಲ್ಲ. "ಗಟ್ಟಿ ಹಿಡ್ಕೊಳ್ಳಿ" ಎಂದರು. "ನನಗೆ ಎರಡೇ ಕೈ, ಎರಡೂ ಬುಟ್ಟಿಗೆ ಬೇಕು, ನೀವು ನೆಟ್ಟಗೆ ಓಡಿಸಿ" ಎಂದೆ. ಮೂರು ಕಡೆ ಸಿಗ್ನಲ್ ಕೆಂಪಾಗಿತ್ತು. ಎರಡನ್ನು ನಾವು ಪಾಲಿಸಿದೆವು.

ಪಶುವೈದ್ಯರು ಯಾರೆಂದು ನಿನಗೆ ಹೇಳಿಲ್ಲ. ನಿನ್ನ ತರಗತಿಯಲ್ಲಿ ಎಲ್ಲರೂ ರೇಡಿಯೋ ಎನ್ನುತ್ತಿದ್ದ ಹುಡುಗ. ಬಾಯಿ ಮುಚ್ಚದ್ದಕ್ಕೆ ವಾರಕ್ಕೆರಡು ಸಲ ನಾನು ಬಾಗಿಲಾಚೆ ನಿಲ್ಲಿಸುತ್ತಿದ್ದೆನಲ್ಲ, ಅವನೇ. ದಿಂಬುವಿನ ಹೊಟ್ಟೆಯ ಮೇಲೆ ಕಿವಿಗೊಳವೆ ಇಟ್ಟು ಕೇಳಿದ.

"ಮಿಸ್, ಯಾವಾಗಿನಿಂದ ಹೀಗೆ?"

"ನಿನ್ನೆ ಮಧ್ಯಾಹ್ನದಿಂದ. ತುಂಬ ಒಳ್ಳೆಯ ನಡತೆ ಎಂದುಕೊಂಡೆ."

"ನಡತೆ ಅಲ್ಲ ಮಿಸ್, ಹೊಟ್ಟೆ ಕೆಲಸ ನಿಲ್ಲಿಸಿದೆ. ಮೊಲಕ್ಕೆ ನೋವಾದ್ರೆ ಅದು ಕೂಗಲ್ಲ, ಸುಮ್ಮನಾಗತ್ತೆ. ಕೂಗಿದ್ರೆ ತಿನ್ನೋ ಪ್ರಾಣಿಗೆ ಗೊತ್ತಾಗತ್ತೆ ಅಂತ ಭಯ. ಏನು ತಿನ್ನಿಸ್ತಿದ್ರಿ?"

"ಬಿಸ್ಕತ್ತು."

"ಅಯ್ಯೋ, ಯಾಕೆ ಮಿಸ್?"

"ಸುಮ್ಮನಿದ್ದುದಕ್ಕೆ."

ರೇಡಿಯೋ ಸಿರಿಂಜು ಕೈಗೆತ್ತಿಕೊಂಡ. ನನ್ನ ಮುಖ ನೋಡಲಿಲ್ಲ. ಸೂಜಿ ಚುಚ್ಚುವುದರಲ್ಲಿ ತೊಡಗಿದ.

ನೋವಿಗೆ ಮದ್ದು, ಹೊಟ್ಟೆಗೆ ಮದ್ದು, ಚರ್ಮದಡಿಗೆ ನೀರು. ನಾಲ್ಕು ಗಂಟೆಗೊಮ್ಮೆ ಹಸಿರು ಗಂಜಿಯಂಥದ್ದನ್ನು ಸೂಜಿಯಿಲ್ಲದ ಸಿರಿಂಜಿನಿಂದ ಬಾಯಿಯ ಪಕ್ಕಕ್ಕೆ ಕೊಡಬೇಕು, ಹೊಟ್ಟೆ ನೀವಬೇಕು, ಬೆಚ್ಚಗಿಡಬೇಕು. ನೀವುತ್ತಾ ಕುಳಿತೆ. ಸುಮ್ಮನೆ ನೀವುವುದು ಸರಿಯೆನಿಸಲಿಲ್ಲ, ಮಗ್ಗಿ ಹೇಳಿದೆ. ಹತ್ತೊಂಬತ್ತರ ಮಗ್ಗಿಯವರೆಗೂ ಹೋದೆ.

ಇಂದು ಸಂಜೆ ನಾಲ್ಕೂ ಇಪ್ಪತ್ತಕ್ಕೆ ಮೂರು ಹಿಕ್ಕೆ.

ಮೆಣಸಿನ ಕಾಳಿನಷ್ಟು, ಒಣಗಿದ, ಕಪ್ಪು ಹಿಕ್ಕೆ. ಮಗಳೇ, ಏಳನೆಯ ತರಗತಿಯಲ್ಲಿ ಶಾಲೆಗೆ ನೂರಕ್ಕೆ ನೂರು ಫಲಿತಾಂಶ ಬಂದ ದಿನವೂ ನಾನು ಬೀದಿಗೆ ಓಡಿರಲಿಲ್ಲ. ಇಂದು ಓಡಿದೆ. ದರ್ಜಿ ಹೊಲಿಗೆಯ ಯಂತ್ರ ಬಿಟ್ಟು ಬಂದರು, ಅವರ ಗಿರಾಕಿಯೂ ಒಂದು ತೋಳಿನ ಅಂಗಿಯಲ್ಲೇ ಬಂದ. ಮೂವರೂ ತಟ್ಟೆಯ ಸುತ್ತ ಬಗ್ಗಿ ನಿಂತು ನೋಡಿದೆವು. ಗಿರಾಕಿ ಕೇಳಿದ, "ಇದರಲ್ಲಿ ಏನು ನೋಡ್ಬೇಕು?" ದರ್ಜಿ ಹೇಳಿದರು, "ನೋಡೋದು ಬೇಡ, ಖುಷಿಪಡು."

ಡಬ್ಬಿಯಲ್ಲಿದ್ದ ಬಿಸ್ಕತ್ತುಗಳನ್ನು ಅವರಿಗೇ ಕೊಟ್ಟೆ.

ನಿನ್ನ
ಅಮ್ಮ


೨೬ ಜುಲೈ

ಅಮ್ಮಾ,

ಎರಡು ಕಾಗದಗಳೂ ಒಂದೇ ಲಾರಿಯಲ್ಲಿ ಬಂದವು. ದಿನಾಂಕ ನೋಡದೆ ಇಪ್ಪತ್ತರದನ್ನೇ ಮೊದಲು ಒಡೆದೆ. "ಆದರ್ಶ ವಿದ್ಯಾರ್ಥಿ" ಎಂಬಲ್ಲಿಗೆ ಬಂದಾಗ ಕಬ್ಬಿಣದ ಮೆಟ್ಟಿಲ ಮೇಲೇ ಕುಳಿತೆ. ಅವನು ಹೋಗಿಯೇಬಿಟ್ಟಿದ್ದಾನೆ ಎಂದುಕೊಂಡು ಎರಡನೆಯದನ್ನು ಒಡೆಯಲು ಧೈರ್ಯ ಸಾಲದೆ ಕ್ರೇನ್ ನಡೆಸುವವನ ಕೈಗೆ ಕೊಟ್ಟೆ. ಅವನು ಮೊದಲ ಸಾಲು ಓದಿ, "ಬದುಕಿದೆಯಂತೆ ಕಣಮ್ಮ, ಅಳೋದಾದ್ರೆ ಈಗ ಅಳು" ಎಂದ.

ನಿನ್ನ ಹಾಜರಿ ಪುಸ್ತಕ ಇಲ್ಲದಿದ್ದರೆ ಅವನು ಉಳಿಯುತ್ತಿರಲಿಲ್ಲ. ಅದು ನನಗೆ ಗೊತ್ತು. ನಿನ್ನ ತಪ್ಪೆಂದು ನಾನು ಅನ್ನುವುದಿಲ್ಲ, ಬಿಸ್ಕತ್ತು ಬೇಡವೆಂದು ಬಿಡಿಸಿ ಬರೆಯದವಳು ನಾನು.

ಆದರೂ ಆ ಬಿಸ್ಕತ್ತಿನ ಸಾಲು ಓದುವಾಗ ನೀನು ನನಗೆ ಕೊಟ್ಟ ಬಹುಮಾನದ ಪೆನ್ನಿನ ನೆನಪಾಯಿತು. ಹೋಗಲಿ ಬಿಡು.

ನಿನ್ನ ಕಾಗದದಲ್ಲಿ 'ಅದು' ಎಂಬುದು ಸ್ಕೂಟರಿನ ಹತ್ತಿರ 'ಅವನು' ಆಗಿದೆ. ನಾನು ಕೆಂಪು ಶಾಯಿ ಹಾಕಿಲ್ಲ.

ಮಗಳು


೪ ಆಗಸ್ಟ್

ಮಗಳೇ,

ದಿಂಬು ಚೇತರಿಸಿಕೊಂಡಿದ್ದಾನೆ. ನಿನ್ನೆಯ ಹಾಜರಿ: ಹುಲ್ಲು ಎರಡು ಕಂತೆ, ಹಿಕ್ಕೆ ಇನ್ನೂರ ಮೂವತ್ತು. ಇಂದು ಬೆಳಗ್ಗೆ 'ಆ'ಕಾರ ಮುಗಿಸಿ 'ಇ'ಕಾರಕ್ಕೆ ಬಾಯಿ ಹಾಕಿದ. ನಾನೇ ಪುಟ ತಿರುವಿ ಕೊಟ್ಟೆ.

ರೇಡಿಯೋ ನೋಡಲು ಮನೆಗೇ ಬಂದಿದ್ದ. ಮಾತಿನ ನಡುವೆ ನಿನ್ನ ವಿಷಯ ಬಂದಿತು. "ಮಿಸ್, ಅವಳ ಅಪ್ಪ ಹೋದ ವರ್ಷ ನಾನು ಅವಳ ಪಕ್ಕ ಕೂತಿದ್ದೆ. ಎಷ್ಟು ಮಾತಾಡಿಸಿದ್ರೂ ಉತ್ತರ ಇಲ್ಲ. ನಿಮಗೆ ಹೇಳೋಣ ಅಂತ ಬಾಯಿ ತೆಗೆದ್ರೆ ನೀವು ಬಾಗಿಲಾಚೆ ಕಳಿಸ್ತಿದ್ರಿ" ಎಂದ. ನಕ್ಕೇ ಹೇಳಿದ. ನಾನೂ ನಗಬೇಕೆಂದು ಪ್ರಯತ್ನಿಸಿದೆ.

ಆ ಪೆನ್ನು ಇನ್ನೂ ನಿನ್ನ ಬಳಿ ಇದೆಯೇ?

ಅಮ್ಮ


೩೦ ಆಗಸ್ಟ್

ಪೂಜ್ಯ ಅಮ್ಮನವರಿಗೆ ನಮಸ್ಕಾರಗಳು.

ನಾನು ಇಲ್ಲಿ ಕ್ಷೇಮ. ನನ್ನ ಕೆಲಸವನ್ನು ಮೂರು ವರ್ಷಗಳಿಗೆ ವಿಸ್ತರಿಸಿದ್ದಾರೆ. ಅಷ್ಟು ಕಾಲ ದಿಂಬುವಿನ ಹೊರೆಯನ್ನು ನಿಮ್ಮ ಮೇಲೆ ಹಾಕುವುದು ಸರಿಯಲ್ಲವಾದ್ದರಿಂದ, ಇಲ್ಲಿನ ಊರಿನ ಒಂದು ಕುಟುಂಬಕ್ಕೆ ಅವನನ್ನು ಕೊಡಲು ಒಪ್ಪಿದ್ದೇನೆ. ಮುಂದಿನ ತಿಂಗಳ ಇಪ್ಪತ್ತರಂದು ವ್ಯಾನು ಬರುತ್ತದೆ. ಎಲ್ಲವೂ ಚೆನ್ನಾಗಿದೆ, ಚಿಂತಿಸಬೇಡಿ.

ಇಂತಿ ನಿಮ್ಮ ವಿಧೇಯ,
ಮಗಳು


೩ ಸೆಪ್ಟೆಂಬರ್

ಮಗಳೇ,

ಕೊಡುವುದಿಲ್ಲ.

ನಿನ್ನ ಕಾಗದವನ್ನು ನಾಲ್ಕು ಸಲ ಓದಿದೆ. ಆ ನಂತರ ಹಾಜರಿ ಪುಸ್ತಕದ ಹಿಂದಿನ ಹಾಳೆಯಲ್ಲಿ ನಿನಗೂ ಮನೆ ಎಳೆದೆ. ಜೂನ್ ಎರಡು: ಆರು ಪುಟ. ಜೂನ್ ಹದಿನಾಲ್ಕು: ನಾಲ್ಕು ಪುಟ, ನಗುವಿನಿಂದ ಅಕ್ಷರ ಅಂಕುಡೊಂಕು. ಜುಲೈ ಇಪ್ಪತ್ತಾರು: ಎರಡು ಪುಟ, "ಹೋಗಲಿ ಬಿಡು". ಆಗಸ್ಟ್ ಮೂವತ್ತು: ಐದು ಸಾಲು. ನನಗೆ ಬಹುವಚನ. ಅಕ್ಷರಗಳೆಲ್ಲ ಗೆರೆ ಎಳೆದಂತೆ. ಒಂದು ತಪ್ಪೂ ಇಲ್ಲ. ತಪ್ಪೇ ಇಲ್ಲದ ಕಾಗದವನ್ನು ಕಂಡು ನನಗೆ ಭಯವಾದದ್ದು ಇದೇ ಮೊದಲು.

ನಯವಾಗಿರುವ ಬೆಸುಗೆಯನ್ನು ಎರಡು ಸಲ ನೋಡುತ್ತೇನೆಂದು ನೀನೇ ಬರೆದಿದ್ದೆ. ನಾನು ಇಪ್ಪತ್ತೇಳು ವರ್ಷ ತಡವಾಗಿ ಎರಡನೆಯ ಸಲ ನೋಡುತ್ತಿದ್ದೇನೆ.

ನಿನಗೆ ಹತ್ತು ವರ್ಷ. ನಿನ್ನ ಅಪ್ಪ ತೀರಿಹೋದ ಹದಿನೈದನೆಯ ದಿನ ನನ್ನ ತರಗತಿಯ ಮೂರನೆಯ ಬೆಂಚಿಗೆ ಬಂದು ಕುಳಿತೆ. ಹೆಸರು ಕರೆದರೆ 'ಹಾಜರು' ಎನ್ನುತ್ತಿದ್ದೆ. ಇಡೀ ವರ್ಷ ಅದೊಂದೇ ಮಾತು. ಮನೆಯಲ್ಲೂ ಅಷ್ಟೇ, ಅತ್ತವಳಲ್ಲ, ಹಟ ಮಾಡಿದವಳಲ್ಲ. ಎಷ್ಟು ತಿಳಿವಳಿಕೆಯ ಮಗು ಎಂದು ನಾನು ಎಲ್ಲರೆದುರೂ ಹೇಳಿಕೊಂಡೆ. ನನಗೂ ಅದು ಅನುಕೂಲವಾಗಿತ್ತು, ನೀನು ಅತ್ತಿದ್ದರೆ ನಾನೂ ಅಳಬೇಕಾಗುತ್ತಿತ್ತು. ವರ್ಷದ ಕೊನೆಗೆ ಅತ್ಯಂತ ಸುಮ್ಮನಿದ್ದ ವಿದ್ಯಾರ್ಥಿಗೆಂದು ಆ ಪೆನ್ನನ್ನು ನಿನಗೆ ಕೊಟ್ಟು ಚಪ್ಪಾಳೆ ತಟ್ಟಿಸಿದೆ.

ಅಂದು ನಾನು ಮಾಡಬೇಕಾಗಿದ್ದದ್ದು ನಿನ್ನನ್ನು ಬುಟ್ಟಿಯಲ್ಲಿ ಹಾಕಿಕೊಂಡು ಓಡುವುದು.

ಈಗ ಕೇಳು. ನದಿಯ ದಂಡೆಯ ಊರಿನಲ್ಲಿ ದೊಡ್ಡ ಹಜಾರದ, ಮರದ ನೆಲದ ಮನೆಯೊಂದನ್ನು ಹಿಡಿ. ನಾನೂ ದಿಂಬುವೂ ಹದಿನೆಂಟರ ರೈಲಿನಲ್ಲಿ ಬರುತ್ತೇವೆ. ನೀನು ಹದಿನಾಲ್ಕು ಗಂಟೆ ಕೆಲಸಕ್ಕೆ ಹೋಗು, ಅವನೊಂದಿಗೆ ನಾನಿರುತ್ತೇನೆ. ಇದು ತ್ಯಾಗವೆಂದು ತಿಳಿಯಬೇಡ. ಅವನು ನೆಗೆಯುವುದನ್ನು ನೋಡದೆ ನನಗೆ ಸಂಜೆ ಆಗುವುದಿಲ್ಲ. ಜಮಖಾನ ಕಟ್ಟಿಯಾಯಿತು. ದರ್ಜಿ ದಪ್ಪ ಬಟ್ಟೆಯಲ್ಲಿ ಗಾಳಿಯಾಡುವ ಪ್ರಯಾಣದ ಚೀಲ ಹೊಲಿದಿದ್ದಾರೆ, ಜೇಬುಗಳು ಏಕೆಂದು ಕೇಳಿದ್ದಕ್ಕೆ, "ಇಷ್ಟು ದೊಡ್ಡ ಮನುಷ್ಯರಿಗೆ ಜೇಬಿಲ್ಲದೆ ಹೇಗೆ?" ಎಂದರು.

ಅಲ್ಲಿಯವರೆಗೆ ನಿನಗೊಂದು ಮನೆಗೆಲಸ. ಪ್ರಬಂಧ. ವಿಷಯ: ನನ್ನ ದೂರುಗಳು. ನಾಲ್ಕು ಪುಟಕ್ಕೆ ಕಡಿಮೆಯಿರಕೂಡದು. ಅಕ್ಷರ ದುಂಡಗಿದ್ದರೆ ಅಂಕ ಕಳೆಯುತ್ತೇನೆ.

ಅಮ್ಮ


೧೦ ಸೆಪ್ಟೆಂಬರ್

ಅಮ್ಮಾ,

ನಾಲ್ಕು ಪುಟ ಸಾಕಾಗುವುದಿಲ್ಲ, ನೀನು ಕೇಳಬಾರದಾಗಿತ್ತು, ಕೇಳಿದ್ದೀಯ, ಅನುಭವಿಸು.

ದೂರು ಒಂದು: ಇಲ್ಲಿ ಗಾಳಿ. ಸೇತುವೆಯ ಮೇಲೆ ಹಗ್ಗ ಕಟ್ಟಿಕೊಂಡು ನೇತಾಡುವಾಗ ಕಣ್ಣೀರು ತಾನೇ ಬರುತ್ತದೆ, ಯಾರೂ ಯಾಕೆಂದು ಕೇಳುವುದಿಲ್ಲ, ಅನುಕೂಲವೇ ಆಯಿತು. ದೂರು ಎರಡು: ನನ್ನ ಕೋಣೆಯ ನಲ್ಲಿ ತೊಟ್ಟಿಕ್ಕುತ್ತದೆ, ಎರಡು ತಿಂಗಳಿಂದ ಯಾರಿಗೂ ಹೇಳಿಲ್ಲ. ನಿನ್ನೆ ನಿನ್ನ ಕಾಗದ ಓದಿ ಮೇಸ್ತ್ರಿಯ ಹತ್ತಿರ ಹೋಗಿ ಜೋರಾಗಿ ಹೇಳಿದೆ. ಅವರು, "ಇಷ್ಟು ದಿನ ಬಾಯಲ್ಲಿ ಏನಿಟ್ಕೊಂಡಿದ್ದೆ?" ಅಂದರು. ಹತ್ತು ನಿಮಿಷದಲ್ಲಿ ಸರಿಯಾಯಿತು. ಹತ್ತೇ ನಿಮಿಷ, ಅಮ್ಮಾ!

ಮೂರು: ನೀನು. ಹಾಸ್ಟೆಲಿನಿಂದ ಮನೆಗೆ ಬರಬೇಕು ಅನ್ನಿಸುತ್ತಿದೆ ಎಂದು ಬರೆದಿದ್ದೆ, ನೀನು 'ಅನ್ನಿಸುತ್ತಿದೆ'ಯ ಒತ್ತಕ್ಷರ ತಿದ್ದಿ ವಾಪಸು ಕಳಿಸಿದೆ. ಬಾ ಅನ್ನಲಿಲ್ಲ. ಅದಾದ ಮೇಲೆ ನಾನು ಬರೆಯಲಿಲ್ಲ.

ನಾಲ್ಕು: ದಿಂಬುವನ್ನು ಕೊಡುತ್ತೇನೆಂದೆನಲ್ಲ, ಆ ಮನೆಯವರು ಒಳ್ಳೆಯವರೇ, ಆದರೆ ಹಿತ್ತಲಿನಲ್ಲಿ ಗೂಡು ಮಾಡಿದ್ದಾರೆ. ಒಳಗೆ ಬಿಡುವುದಿಲ್ಲವಂತೆ. ನೋಡಿ ಬಂದು ಮೂರು ದಿನ ಊಟ ಸೇರಲಿಲ್ಲ. ಆದರೂ ಸರಿ ಎಂದೆ. ಮೂರು ವರ್ಷ ಎಂದರೆ ನೀನು ಬೇಸರಪಡುತ್ತೀಯ, ಬೇಸರವನ್ನು ತೋರಿಸದೆ ಒಪ್ಪಿಕೊಳ್ಳುತ್ತೀಯ, ಅದಕ್ಕಿಂತ ನಾನೇ ಮೊದಲು ಚೆನ್ನಾಗಿದ್ದೇನೆ ಅಂದುಬಿಡುವುದು ಸುಲಭ. ನನಗೆ ಅದು ಚೆನ್ನಾಗಿ ಬರುತ್ತದೆ. ಬಹುಮಾನ ಬಂದ ವಿಷಯ.

ಪೆನ್ನು ಇದೆ. ಪೆಟ್ಟಿಗೆಯಲ್ಲೇ ಇದೆ. ಒಂದು ಅಕ್ಷರವನ್ನೂ ಬರೆದಿಲ್ಲ. ಅಪ್ಪ ಹೋದದ್ದಕ್ಕೆ ಕೊಟ್ಟದ್ದು ಎಂದುಕೊಂಡಿದ್ದೆ, ಆ ವಯಸ್ಸಿಗೆ ಹಾಗೇ ಅರ್ಥವಾಗಿತ್ತು. ಎಸೆಯಲೂ ಆಗುವುದಿಲ್ಲ, ಇಟ್ಟುಕೊಳ್ಳಲೂ ಆಗುವುದಿಲ್ಲ. ಏಳು ಮನೆ ಬದಲಿಸಿದ್ದೇನೆ, ಏಳಕ್ಕೂ ಬಂದಿದೆ.

ಮನೆ ಹಿಡಿದಿದ್ದೇನೆ. ಹಜಾರ ಎಷ್ಟು ಉದ್ದ ಗೊತ್ತಾ? ಅವನು ಓಡಿ ಬಂದು ನೆಗೆಯಲು ಇಪ್ಪತ್ತೆರಡು ಹೆಜ್ಜೆ ಸಿಗುತ್ತದೆ, ನಾನೇ ಓಡಿ ನೆಗೆದು ನೋಡಿದೆ. ಮನೆಯ ಯಜಮಾನಿ ಬಾಗಿಲಲ್ಲೇ ನಿಂತಿದ್ದರು. ಮಗು ಇದೆಯಾ ಎಂದು ಕೇಳಿದರು. ಇದೆ, ಏಳು ಕಿಲೋ, ಕಿವಿ ದೊಡ್ಡದು ಅಂದೆ. ಪುಟ ಮುಗಿಯಿತು, ಇನ್ನೊಂದು ಹಾಳೆ ತೆಗೆಯುತ್ತೇನೆ, ದೂರು ಐದು...


೧೪ ಸೆಪ್ಟೆಂಬರ್

ನನ್ನ ಮಗಳೇ,

ನಾಲ್ಕು ಪುಟ ಕೇಳಿದ್ದೆ, ಒಂಬತ್ತು ಬಂದಿವೆ. ಶಾಯಿ ಚೆಲ್ಲಿದೆ, ಸಾಲುಗಳು ಇಳಿಜಾರಾಗಿವೆ, ಸಹಿ ಹಾಕುವುದನ್ನೇ ಮರೆತಿದ್ದೀಯೆ. ಹಜಾರಕ್ಕೆ ಬಂದ ಮೇಲೆ ದೂರು ಹದಿನೇಳನ್ನು ಇನ್ನೊಮ್ಮೆ ಜೋರಾಗಿ ಓದಿ ಹೇಳಬೇಕು. ಎಂಟನೆಯ ಪುಟದ ಕೆಳಗಿನ ಅರ್ಧವನ್ನು ಮಾತ್ರ ನನಗೆ ಓದಲಾಗಲಿಲ್ಲ, ನಿನಗೆ ಕಾರಣ ಗೊತ್ತು. ಅವನಿಗೆ ನಿಘಂಟಿಗಿಂತ ಅದು ರುಚಿಸಿತು.

'ಬಾ' ಎಂಬ ಅಕ್ಷರವನ್ನು ಹತ್ತೊಂಬತ್ತು ವರ್ಷಗಳ ಹಿಂದೆ ಬರೆಯಬೇಕಾಗಿತ್ತು. ಬರೆಯಲಿಲ್ಲ. ಈಗ ಬರೆದರೆ ಅರ್ಥವಿಲ್ಲ, ಆದ್ದರಿಂದ ನಾನೇ ಬರುತ್ತಿದ್ದೇನೆ.

ಹದಿನೆಂಟರಂದು ಬೆಳಗ್ಗೆ ಏಳೂವರೆಗೆ ರೈಲು ನಿಲ್ಲುತ್ತದೆ. ಕೊನೆಯ ಡಬ್ಬಿ. ಸಾಮಾನಿನ ಗಾಡಿಯೊಂದನ್ನು ತೆಗೆದುಕೊಂಡು ಬಾ, ಕೊತ್ತಂಬರಿ ಸೊಪ್ಪು ಒಂದು ಕಟ್ಟು ತಾ. ಕ್ರೇನ್ ನಡೆಸುವವರಿಗೂ ಹೇಳು, ಎತ್ತಲು ಅನುಭವಸ್ಥರು ಬೇಕಾಗಬಹುದು.

ಪೆನ್ನಿನ ಪೆಟ್ಟಿಗೆಯನ್ನೂ ಮರೆಯದೆ ತಾ. ಕೊಟ್ಟ ಬಹುಮಾನವನ್ನು ಹಿಂದಕ್ಕೆ ಪಡೆಯುವ ಪದ್ಧತಿ ನಮ್ಮ ಶಾಲೆಯಲ್ಲಿರಲಿಲ್ಲ. ಹದಿನೆಂಟರಿಂದ ಇರುತ್ತದೆ. ನಿಲ್ದಾಣದಲ್ಲೇ, ಎಲ್ಲರೆದುರಿಗೇ ವಾಪಸು ತೆಗೆದುಕೊಳ್ಳುತ್ತೇನೆ. ಚಪ್ಪಾಳೆ ಬೇಡ.

ದಿಂಬು ಚೀಲದೊಳಗೆ ಕುಳಿತು ನೋಡಿ ಹೊರಬಂದು ಹಿಂಗಾಲಿನಿಂದ ನೆಲ ಗುದ್ದುತ್ತಿದ್ದಾನೆ. ಪಕ್ಕದ ಮನೆಗೂ ಕೇಳುವಷ್ಟು. ನಾನು ಸುಮ್ಮನಿರು ಎನ್ನುತ್ತಿಲ್ಲ. ಬರೆದುಕೊಳ್ಳುತ್ತಿದ್ದೇನೆ: ಬೆಳಗ್ಗಿನಿಂದ ನಲವತ್ತೊಂದು ಸಲ, ಹಾಜರು.

ನಿನ್ನ,
ಅಮ್ಮ